ಜೊತೆಗಾಗಿ ಕಾಯುವ ಪೆಟ್ಟಿಗೆ

ಆನವಟ್ಟಿಯಲ್ಲಿ ಒಬ್ಬರು ಅನಾನಸ್ ರಸವನ್ನು ಬಾಟಲಿಗೆ ತುಂಬುವ ಸಣ್ಣ ಘಟಕ ತೆರೆದಿದ್ದಾರೆ ಎಂದುಕೊಳ್ಳಿ. ಸೊರಬ ಸೀಮೆಯಲ್ಲಿ ಅನಾನಸ್‌ಗೆ ಬರವಿಲ್ಲ. ಕೇಂದ್ರ ಸರ್ಕಾರದ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಶಿವಮೊಗ್ಗ ಜಿಲ್ಲೆಗೆ ಬಂದಿರುವುದೂ ಅನಾನಸ್ಸೇ. ಹಣ್ಣನ್ನಾದರೆ ಲಾರಿಗೆ ರಾಶಿ ಹಾಕಿ ಕಳಿಸಬಹುದು, ಅಡಿಕೆಯನ್ನು ಗೋಣಿಚೀಲದಲ್ಲಿ ತುಂಬಿ ಮಂಡಿಗೆ ಹಾಕಬಹುದು. ಗಾಜಿನ ಬಾಟಲಿಗೆ ಹಾಗಾಗದು, ರಟ್ಟಿನ ಪೆಟ್ಟಿಗೆಯೇ ಬೇಕು. ಅವರು ಪೆಟ್ಟಿಗೆ ಕಾರ್ಖಾನೆಗೆ ಫೋನು ಮಾಡಿ ಮೂರು ಸಾವಿರ ಪೆಟ್ಟಿಗೆ ಕೇಳುತ್ತಾರೆ. ಆ ಕಡೆಯಿಂದ ಬರುವ ಉತ್ತರ: ‘ಎಂಟು ದಿನ ಆಗತ್ತೆ ಸಾರ್.’

ಈ ಉತ್ತರ ನಮಗೆಲ್ಲ ಪರಿಚಿತವೇ. ಮದುವೆ ಪತ್ರಿಕೆ ಅಚ್ಚು ಹಾಕಿಸುವಾಗಲೂ ಕೇಳಿದ್ದೇವೆ, ಕಿಟಕಿಗೆ ಗ್ರಿಲ್ ಮಾಡಿಸುವಾಗಲೂ ಕೇಳಿದ್ದೇವೆ. ಆದರೆ ಪೆಟ್ಟಿಗೆಯ ವಿಷಯದಲ್ಲಿ ಈ ಎಂಟು ದಿನ ನಿಜಕ್ಕೂ ವಿಚಿತ್ರ. ಮೂರು ಸಾವಿರ ಪೆಟ್ಟಿಗೆಗೆ ಬೇಕಾದ ರಟ್ಟನ್ನು ನಿಮಿಷಕ್ಕೆ 150 ಮೀಟರ್ ಓಡುವ ಯಂತ್ರ ಎಂಟೇ ನಿಮಿಷದಲ್ಲಿ ಕತ್ತರಿಸಿ ಕೊಡುತ್ತದೆ. ಆಮೇಲೆ ಅದರ ಮೇಲೆ ಹೆಸರು ಮುದ್ರಿಸಿ, ಮಡಿಕೆ ಹಾಕಿ, ಅಂಟಿಸಲು ಇನ್ನು ಕೆಲವು ಗಂಟೆ ಸಾಕು. ಕಾರ್ಖಾನೆಯವರು ಸುಳ್ಳು ಹೇಳುತ್ತಿಲ್ಲ, ಸೋಮಾರಿಗಳೂ ಅಲ್ಲ. ಹಾಗಾದರೆ ಎಂಟು ನಿಮಿಷದ ಕೆಲಸಕ್ಕೆ ಎಂಟು ದಿನ ಯಾಕೆ?

ಆ ಪೆಟ್ಟಿಗೆ ತನಗೆ ಹೊಂದುವ ಇನ್ನೊಂದು ಪೆಟ್ಟಿಗೆಗಾಗಿ ಕಾಯುತ್ತಿರುತ್ತದೆ ಎಂಬುದೇ ಚಿಕ್ಕ ಉತ್ತರ. ಯಾವುದು ಯಾವುದಕ್ಕೆ ಹೊಂದುತ್ತದೆ, ಎಷ್ಟು ಕಾಯುವುದು ಲಾಭ, ಎಲ್ಲಿಗೆ ಕಾಯುವುದನ್ನು ನಿಲ್ಲಿಸಬೇಕು ಎಂದು ಲೆಕ್ಕ ಹಾಕುವ ತಂತ್ರಾಂಶದ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದು ಈ ಅಧ್ಯಾಯದ ವಿಷಯ.

ಜೋಳದ ಅಂಟು, ಕಾಗದದ ಅಲೆ

ಮೊದಲು ರಟ್ಟನ್ನೇ ನೋಡೋಣ. ಹಳೆಯ ಪೆಟ್ಟಿಗೆಯೊಂದರ ಅಂಚನ್ನು ಹರಿದರೆ ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆ ಅಲೆಯಾದ ಮೂರನೆಯ ಹಾಳೆ ಕಾಣುತ್ತದೆ. ಕಾರ್ಖಾನೆಯವರು ಕಾರುಗೇಟೆಡ್ ಬೋರ್ಡ್ ಎನ್ನುವ ಇದನ್ನು ನಾವು ಅಲೆರಟ್ಟು ಎನ್ನೋಣ. 1856ರಲ್ಲಿ ಇಂಗ್ಲೆಂಡಿನಲ್ಲಿ ಹೀಲಿ ಮತ್ತು ಅಲೆನ್ ಎಂಬಿಬ್ಬರು ಅಲೆಕಾಗದಕ್ಕೆ ಪೇಟೆಂಟ್ ಪಡೆದದ್ದು ಪೆಟ್ಟಿಗೆಗಾಗಿ ಅಲ್ಲ. ಆಗಿನ ಗಂಡಸರು ಹಾಕುತ್ತಿದ್ದ ಎತ್ತರದ ಟೊಪ್ಪಿಗೆಯ ಒಳಪಟ್ಟಿಗಾಗಿ. 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಅದನ್ನು ಗಾಜಿನ ಸಾಮಾನು ಸುತ್ತಲು ಬಳಸಿದ. ಮೂರೇ ವರ್ಷದಲ್ಲಿ ಆಲಿವರ್ ಲಾಂಗ್ ಎಂಬಾತ ಅಲೆಯ ಎರಡೂ ಬದಿಗೆ ಹಾಳೆ ಅಂಟಿಸಿದ. ಈಗ ನಾವು ನೋಡುವ ಪೆಟ್ಟಿಗೆ ಅಲ್ಲಿಂದ ಬಂದದ್ದು.

ಅಲೆಯನ್ನು ಹಾಳೆಗೆ ಅಂಟಿಸುವುದು ಬಹುಮಟ್ಟಿಗೆ ಮೆಕ್ಕೆಜೋಳದ ಪಿಷ್ಟ. ಜೋಳದ ಹಿಟ್ಟಿನ ಗಂಜಿಯಂಥ ಅಂಟನ್ನು ಅಲೆಯ ನೆತ್ತಿಗಳಿಗೆ ಸವರಿ, ಬಿಸಿ ಉರುಳೆಗಳ ನಡುವೆ ಹಾಯಿಸಿದರೆ ಪಿಷ್ಟ ಬೆಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಶಿಕಾರಿಪುರ, ಶಿರಾಳಕೊಪ್ಪದ ಸುತ್ತ ಮಳೆಗಾಲದಲ್ಲಿ ಕಣ್ಣಿಗೆ ಬೀಳುವ ಹೊಲಗಳಲ್ಲಿ ಬಹಳಷ್ಟು ಮೆಕ್ಕೆಜೋಳದವು. ಅದು ಕೋಳಿ ಆಹಾರಕ್ಕೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಪಿಷ್ಟವಾಗಿ ಪೆಟ್ಟಿಗೆಯ ಗೋಡೆಯೊಳಗೂ ಸೇರುವ ಬೆಳೆ ಅದು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕಾಗದದ ಕಥೆಯೂ ಈ ಜಿಲ್ಲೆಗೆ ಹೊಸದಲ್ಲ. ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಕಚ್ಚಾವಸ್ತು ಒದಗಿಸಲು ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ನೆಡುತೋಪುಗಳು ಎದ್ದವು. ಅರಣ್ಯಭೂಮಿಯ ಗುತ್ತಿಗೆ 2020ರಲ್ಲಿ ಮುಗಿದಾಗ ಅಕೇಶಿಯಾ ಬೇಡ ಎಂಬ ಹೋರಾಟವೂ ಎದ್ದಿತು. ಆ ಗಿರಣಿ ಮಾಡುತ್ತಿದ್ದದ್ದು ಬರೆಯುವ ಮತ್ತು ಪತ್ರಿಕೆಯ ಕಾಗದ. ಪೆಟ್ಟಿಗೆಗೆ ಬೇಕಾದದ್ದು ಕ್ರಾಫ್ಟ್ ಎಂಬ ಕಂದು ಕಾಗದ. ನಮ್ಮ ದೇಶದಲ್ಲಿ ಅದರ ಬಹುಪಾಲು ರದ್ದಿಯಿಂದಲೇ ತಯಾರಾಗುತ್ತದೆ. ರದ್ದಿ ತಾನೇ, ಪೋಲಾದರೇನು ಎನ್ನುವಂತಿಲ್ಲ. ಮತ್ತೆ ಅರೆದು ಕಾಗದ ಮಾಡಿದ ಪ್ರತಿ ಸಲವೂ ನಾರು ಗಿಡ್ಡವಾಗಿ ಬಲ ಕಳೆದುಕೊಳ್ಳುತ್ತದೆ. ನೀರು, ಉಗಿ, ಡೀಸೆಲ್ಲು ಮತ್ತೆ ಖರ್ಚಾಗುತ್ತವೆ. ಕಾಗದಕ್ಕೆ ಕಾಡು ತೆರುವ ಬೆಲೆಯನ್ನು ಕಣ್ಣಾರೆ ಕಂಡಿರುವ ಈ ಜಿಲ್ಲೆಯವರಿಗೆ ಕಾಗದ ಪೋಲಾಗದಂತೆ ನೋಡುವ ಲೆಕ್ಕ ಬೇರೆ ಯಾರಿಗಿಂತಲೂ ಹೆಚ್ಚು ಅರ್ಥವಾಗಬೇಕು ಎಂದು ನನ್ನ ನಂಬಿಕೆ.

ಇನ್ನೊಂದು ಮಾತು. ಅಲೆಯಾಗಿ ಬಾಗುವುದರಿಂದ ನಡುವಿನ ಹಾಳೆ ಹೆಚ್ಚು ಉದ್ದ ಬೇಕು. ಸಾಮಾನ್ಯ ಅಲೆಯಲ್ಲಿ ಒಂದು ಮೀಟರ್ ರಟ್ಟಿಗೆ ಸುಮಾರು 1.4 ಮೀಟರ್ ಅಲೆಕಾಗದ. ಹೀಗಾಗಿ ಮೂರು ಪದರದ ರಟ್ಟಿನಲ್ಲಿ ಒಂದು ಮೀಟರ್ ಅಂಚು ಕತ್ತರಿಸಿ ಎಸೆದರೆ ಹೋಗುವುದು ಮೂರೂವರೆ ಮೀಟರಿಗೆ ಹತ್ತಿರದ ಕಾಗದ. ಜೊತೆಗೆ ಅಂಟು, ಜೊತೆಗೆ ಅದನ್ನು ಬೇಯಿಸಿದ ಉಗಿ.

ಒಂದೇ ಥಾನಿನ ಬಟ್ಟೆ

ದೀಪಾವಳಿಗೆ ಮನೆಯ ಮಕ್ಕಳಿಗೆಲ್ಲ ಒಂದೇ ಥಾನಿನಿಂದ ಬಟ್ಟೆ ಹೊಲಿಸುತ್ತಿದ್ದ ಕಾಲ ಹಿರಿಯರಿಗೆ ನೆನಪಿದೆ. ಒಬ್ಬೊಬ್ಬರಿಗೆ ಬೇರೆ ಬೇರೆ ತಂದರೆ ಬೇಕಾಗುವುದಕ್ಕಿಂತ ಕಡಿಮೆ ಬಟ್ಟೆಯಲ್ಲಿ ಟೈಲರ್ ಎಲ್ಲರದನ್ನೂ ಹೊಲಿದುಬಿಡುತ್ತಿದ್ದ. ದೊಡ್ಡವನ ಅಂಗಿಯ ಬೆನ್ನಿನ ಪಕ್ಕ ಉಳಿಯುವ ಜಾಗದಲ್ಲಿ ಚಿಕ್ಕವನ ತೋಳು ಕೂರುತ್ತಿತ್ತು. ಬಟ್ಟೆಯ ಪನ್ನ, ಅಂದರೆ ಅಗಲ, ಇಷ್ಟೇ ಎಂದು ಮಗ್ಗದಲ್ಲೇ ತೀರ್ಮಾನವಾಗಿರುತ್ತದೆ. ಆ ಪನ್ನದೊಳಗೆ ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬುದಷ್ಟೇ ಟೈಲರ್ ಕೈಯಲ್ಲಿರುವುದು.

ಪೆಟ್ಟಿಗೆ ಕಾರ್ಖಾನೆಯ ತೊಡಕೂ ಇದೇ. ಕಾಗದ ಬರುವುದು ಸುರುಳಿಯಲ್ಲಿ. ಸುರುಳಿಗೊಂದು ಪನ್ನ ಇದೆ, ಅದಕ್ಕೆ ಅಲ್ಲಿ ಡೆಕಲ್ ಎನ್ನುತ್ತಾರೆ. ಯಂತ್ರದ ಒಂದು ತುದಿಯಲ್ಲಿ ಸುರುಳಿಗಳು ಬಿಚ್ಚಿಕೊಳ್ಳುತ್ತವೆ. ನಡುವೆ ಅಲೆ ಮೂಡಿ, ಅಂಟು ಹತ್ತಿ, ಬಿಸಿ ತಗಡಿನ ಮೇಲೆ ಒಣಗುತ್ತದೆ. ಇನ್ನೊಂದು ತುದಿಯಲ್ಲಿ ಉರುಟು ಅಲಗುಗಳು ರಟ್ಟನ್ನು ಉದ್ದಕ್ಕೆ ಸೀಳಿ ಪಟ್ಟಿಗಳನ್ನಾಗಿ ಮಾಡುತ್ತವೆ, ತಿರುಗುವ ಕತ್ತಿ ಪಟ್ಟಿಗಳನ್ನು ಅಡ್ಡಕ್ಕೆ ಕತ್ತರಿಸುತ್ತದೆ. ಎರಡೂ ಅಂಚಿನಲ್ಲಿ ಉಳಿಯುವ ತುಂಡು ರದ್ದಿಗೆ. ಕಾರ್ಖಾನೆಯ ಮಾತಿನಲ್ಲಿ ಅದು ಟ್ರಿಮ್. ನಾವು ಅಂಚುನಷ್ಟ ಎನ್ನೋಣ.

ಲೆಕ್ಕಕ್ಕೆಂದು ಎರಡು ಪೆಟ್ಟಿಗೆ ತೆಗೆದುಕೊಳ್ಳೋಣ. ಆನವಟ್ಟಿಯ ರಸದ ಪೆಟ್ಟಿಗೆ 32 ಸೆಂ.ಮೀ. ಉದ್ದ, 26 ಅಗಲ, 25 ಎತ್ತರ. ಶಿಕಾರಿಪುರದಲ್ಲಿ ಹೊಲಿದ ಅಂಗಿಗಳನ್ನು ತುಂಬುವ ಪೆಟ್ಟಿಗೆ 40 ಉದ್ದ, 33 ಅಗಲ, 30 ಎತ್ತರ. ಮಾಮೂಲಿ ಪೆಟ್ಟಿಗೆಯನ್ನು ಬಿಚ್ಚಿ ಹರಡಿದರೆ ಬರುವ ಹಾಳೆಯ ಒಂದು ಬದಿ ಅಗಲ ಮತ್ತು ಎತ್ತರ ಕೂಡಿದಷ್ಟು. ಇನ್ನೊಂದು ಬದಿ ಉದ್ದ ಮತ್ತು ಅಗಲ ಕೂಡಿದ್ದರ ಎರಡರಷ್ಟು, ಮೇಲೆ ಅಂಟಿಸಲು ನಾಲ್ಕು ಸೆಂ.ಮೀ. ನಾಲಿಗೆ. ಹಾಗಾಗಿ ರಸದ ಪೆಟ್ಟಿಗೆಗೆ 51 ಸೆಂ.ಮೀ. ಅಗಲದ ಪಟ್ಟಿಯಲ್ಲಿ 120 ಸೆಂ.ಮೀ. ತುಂಡು ಬೇಕು, ಅಂಗಿ ಪೆಟ್ಟಿಗೆಗೆ 63 ಸೆಂ.ಮೀ. ಪಟ್ಟಿಯಲ್ಲಿ 150 ಸೆಂ.ಮೀ. ತುಂಡು. ಎರಡೂ ಮೂರು ಮೂರು ಸಾವಿರ. ಸುರುಳಿಯ ಪನ್ನ 180 ಸೆಂ.ಮೀ.

ರಸದ ಪೆಟ್ಟಿಗೆಯನ್ನು ಒಂಟಿಯಾಗಿ ಓಡಿಸಿದರೆ ಪಕ್ಕಪಕ್ಕ ಮೂರು ಪಟ್ಟಿ ಕೂರುತ್ತವೆ, 153 ಸೆಂ.ಮೀ. ಉಳಿದ 27 ರದ್ದಿಗೆ. ಅಂಗಿ ಪೆಟ್ಟಿಗೆ ಎರಡೇ ಪಟ್ಟಿ, 126 ಸೆಂ.ಮೀ. ಬರೋಬ್ಬರಿ 54 ಸೆಂ.ಮೀ. ರದ್ದಿಗೆ. ಮೊದಲನೆಯದಕ್ಕೆ 1,200 ಮೀಟರ್, ಎರಡನೆಯದಕ್ಕೆ 2,250 ಮೀಟರ್, ಒಟ್ಟು 3,450 ಮೀಟರ್ ರಟ್ಟು ಓಡಬೇಕು. ಅದರಲ್ಲಿ ಸುಮಾರು ಕಾಲುಭಾಗ ದಂಡ.

ಈಗ ಒಂದು ರಸದ ಪಟ್ಟಿಯ ಪಕ್ಕ ಎರಡು ಅಂಗಿ ಪಟ್ಟಿ ಇಡಿ: 51, 63, 63. ಒಟ್ಟು 177. ಅಂಚಿಗೆ ಮೂರೇ ಸೆಂ.ಮೀ. ಹೋಗುತ್ತದೆ. ಅಂಚು ನೇರವಾಗಲು ಅಷ್ಟು ಬೇಕೇಬೇಕು. ಹೀಗೆ 2,250 ಮೀಟರ್ ಓಡಿಸಿದರೆ ಅಂಗಿ ಪೆಟ್ಟಿಗೆ ಪೂರಾ ಮುಗಿಯುತ್ತದೆ, ರಸದ ಪೆಟ್ಟಿಗೆ 1,875 ಆಗಿರುತ್ತವೆ. ಉಳಿದ 1,125ನ್ನು ಒಂಟಿಯಾಗಿ 450 ಮೀಟರ್ ಓಡಿಸಿದರಾಯಿತು. ಒಟ್ಟು 2,700 ಮೀಟರ್. ನಷ್ಟ ಕಾಲುಭಾಗದಿಂದ ನೂರಕ್ಕೆ ನಾಲ್ಕಕ್ಕೆ ಇಳಿಯಿತು. ಉಳಿದದ್ದು 750 ಮೀಟರ್. ಚದರ ಮೀಟರಿಗೆ ಹೆಚ್ಚುಕಡಿಮೆ ಅರ್ಧ ಕಿಲೋ ತೂಗುವ ಮೂರು ಪದರದ ರಟ್ಟಾದರೆ 600 ಕಿಲೋಗೂ ಮೇಲೆ ಕಾಗದ.

ಇದು ಅರ್ಥವಾಗಲೆಂದು ನಾನು ಆಯ್ದ ಲೆಕ್ಕ. ನಿಜದ ಕಾರ್ಖಾನೆ ನಾಲ್ಕಾರು ಪನ್ನದ ಸುರುಳಿ ಇಟ್ಟುಕೊಂಡಿರುತ್ತದೆ, 54 ಸೆಂ.ಮೀ. ಕಳೆಯುವ ಮೂರ್ಖತನ ಯಾರೂ ಮಾಡುವುದಿಲ್ಲ. ಆದರೆ ತೊಡಕು ಇದೇ: ಒಂದು ಆರ್ಡರಿನ ನಷ್ಟ ಎಷ್ಟು ಎಂದು ಆ ಆರ್ಡರನ್ನಷ್ಟೇ ನೋಡಿ ಹೇಳಲು ಬರುವುದಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಗೊತ್ತಾದಾಗಲೇ ಅದು ತೀರ್ಮಾನವಾಗುವುದು.

ಎರಡೇ ಕತ್ತಿ

ಹಾಗಿದ್ದರೆ ಐದಾರು ಬಗೆಯ ಪಟ್ಟಿ ಸೇರಿಸಿ ಪನ್ನವನ್ನು ಪೂರಾ ತುಂಬಬಹುದಲ್ಲ? ಆಗದು. ಪಟ್ಟಿಗಳ ಅಗಲ ಬೇರೆಯಿದ್ದರೆ ಸೀಳುವ ಅಲಗುಗಳನ್ನು ಬೇಕಾದಲ್ಲಿ ಕೂರಿಸಬಹುದು, ಆದರೆ ಉದ್ದ ಬೇರೆಯಿದ್ದರೆ ಅಡ್ಡ ಕತ್ತರಿಸುವ ಕತ್ತಿಯೇ ಬೇರೆ ಬೇಕು. ಹೆಚ್ಚಿನ ಯಂತ್ರಗಳಲ್ಲಿ ಅಂಥ ಕತ್ತಿ ಎರಡೇ, ಮೇಲೊಂದು ಕೆಳಗೊಂದು. ಸೀಳಿದ ಪಟ್ಟಿಗಳಲ್ಲಿ ಕೆಲವು ಮೇಲಿನ ದಾರಿ ಹಿಡಿಯುತ್ತವೆ, ಕೆಲವು ಕೆಳಗಿನ ದಾರಿ. ಆದ್ದರಿಂದ ಒಂದು ಸಲಕ್ಕೆ ಎರಡು ಅಳತೆಯ ಆರ್ಡರ್ ಮಾತ್ರ ಜೋಡಿಯಾಗಬಹುದು. ಜೋಡಿಯಾಗುವ ಎರಡಕ್ಕೂ ಕಾಗದ ಒಂದೇ ಬಗೆಯದಿರಬೇಕು, ಪದರ ಅಷ್ಟೇ ಇರಬೇಕು, ಅಲೆಯೂ ಅದೇ ಇರಬೇಕು.

ನಿರ್ಬಂಧ ಹೆಚ್ಚಿದರೆ ಆಯ್ಕೆ ಕಡಿಮೆಯಾಗಿ ಕೆಲಸ ಸುಲಭವಾಗಬೇಕಲ್ಲ ಎನಿಸುತ್ತದೆ. ಆದರೆ ನಲವತ್ತು ಆರ್ಡರಿದ್ದರೆ ಜೋಡಿಗಳೇ 780. ಪ್ರತಿ ಜೋಡಿಯಲ್ಲಿ ಇದರದ್ದು ಒಂದು ಅದರದ್ದು ಎರಡು, ಇದರದ್ದು ಎರಡು ಅದರದ್ದು ಒಂದು ಎಂದು ಹಲವು ಬಗೆ. ಅವನ್ನು ಸುರುಳಿಯ ಪನ್ನಗಳಿಂದ ಗುಣಿಸಬೇಕು. ಇಷ್ಟರಲ್ಲಿ ಇಪ್ಪತ್ತು ಓಟ ಆಯ್ದುಕೊಂಡೆವೆನ್ನಿ. ಅವು ಯಾವ ಕ್ರಮದಲ್ಲಿ ಓಡಬೇಕು? ಓಟ ಬದಲಾದಾಗಲೆಲ್ಲ ಅಲಗು ಸರಿಸುವಷ್ಟರಲ್ಲಿ ಒಂದಷ್ಟು ರಟ್ಟು ಹಾಳು, ಕಾಗದ ಬದಲಾದರೆ ಇನ್ನಷ್ಟು. ಇಪ್ಪತ್ತು ಓಟಗಳನ್ನು ಸಾಲಾಗಿ ನಿಲ್ಲಿಸುವ ಕ್ರಮಗಳು 24 ಸಾವಿರ ಕೋಟಿ ಕೋಟಿಗೂ ಹೆಚ್ಚು. ಸೆಕೆಂಡಿಗೆ ಒಂದು ಕೋಟಿ ಕ್ರಮ ನೋಡುವ ಕಂಪ್ಯೂಟರಿಗೂ ಎಲ್ಲವನ್ನೂ ನೋಡಿ ಮುಗಿಸಲು ಏಳು ಸಾವಿರ ವರ್ಷ ಮೀರುತ್ತದೆ. ತಾಳಗುಂದದ ಕದಂಬ ಶಾಸನಕ್ಕೆ ಇನ್ನೂ ಒಂದೂವರೆ ಸಾವಿರ ಚಿಲ್ಲರೆ ವರ್ಷವಷ್ಟೇ ಆಗಿದೆ.

ಎಲ್ಲವನ್ನೂ ನೋಡಿ ಒಳ್ಳೆಯದನ್ನು ಆರಿಸುವ ದಾರಿ ಇಲ್ಲಿಗೆ ಮುಚ್ಚಿತು. ನೋಡದೆಯೇ ಒಳ್ಳೆಯದನ್ನು ಹುಡುಕುವ ದಾರಿ ಬೇಕು.

ಪ್ಲೈವುಡ್ಡಿನಿಂದ ಬಂದ ದಾರಿ

1938ರ ಸುಮಾರಿಗೆ ಲೆನಿನ್‌ಗ್ರಾದಿನ ಪ್ಲೈವುಡ್ ಉದ್ಯಮದವರು ಲಿಯೊನಿದ್ ಕಾಂತರೋವಿಚ್ ಎಂಬ ತರುಣ ಗಣಿತಜ್ಞನ ಬಳಿ ಒಂದು ಸಮಸ್ಯೆ ತಂದರು. ಬೇರೆ ಬೇರೆ ವೇಗದ ಕೆಲವು ಯಂತ್ರಗಳಿವೆ, ಬೇರೆ ಬೇರೆ ಬಗೆಯ ಮರವಿದೆ. ಯಾವ ಯಂತ್ರಕ್ಕೆ ಯಾವ ಮರ ಕೊಟ್ಟರೆ ಹೆಚ್ಚು ಉತ್ಪನ್ನ ಬರುತ್ತದೆ? ಆತ ಕಂಡುಕೊಂಡ ಉತ್ತರ ಪ್ಲೈವುಡ್ಡಿಗಷ್ಟೇ ನಿಲ್ಲಲಿಲ್ಲ. 1939ರಲ್ಲಿ ಹೊರತಂದ ಕಿರುಹೊತ್ತಗೆಯಲ್ಲಿ ಹಾಳೆಗಳನ್ನು ಪೋಲಾಗದಂತೆ ಕತ್ತರಿಸುವ ಸಮಸ್ಯೆಯನ್ನೂ ಸೇರಿಸಿದ. ಪ್ರತಿ ಉತ್ಪನ್ನಕ್ಕೂ ಒಂದೊಂದು ಸಂಖ್ಯೆಯನ್ನು ಅಂಟಿಸು, ಆ ಸಂಖ್ಯೆಗಳನ್ನು ಸರಿಪಡಿಸುತ್ತ ಹೋಗು, ಯೋಜನೆ ತಾನಾಗಿ ಸರಿಯಾಗುತ್ತದೆ ಎಂಬುದು ಆತನ ಉಪಾಯದ ಸಾರ. ಆ ಸಂಖ್ಯೆಗಳು ಒಂದು ಬಗೆಯ ಬೆಲೆಗಳೇ. 1975ರಲ್ಲಿ ಕಾಂತರೋವಿಚ್‌ಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ಕಾಗದದ ಸುರುಳಿಗೆ ಆ ಉಪಾಯವನ್ನು ಹೊಂದಿಸಿದವರು ಐಬಿಎಂನಲ್ಲಿದ್ದ ಪಾಲ್ ಗಿಲ್ಮೋರ್ ಮತ್ತು ರಾಲ್ಫ್ ಗೊಮೊರಿ. 1961 ಮತ್ತು 1963ರಲ್ಲಿ ಅವರು ಪ್ರಕಟಿಸಿದ ಎರಡು ಲೇಖನಗಳ ಬೆಳಕು ಇಂದಿಗೂ ಪೆಟ್ಟಿಗೆ ಕಾರ್ಖಾನೆಯ ತಂತ್ರಾಂಶಗಳ ಮೇಲಿದೆ. ಅವರು ಕಂಡ ಮುಖ್ಯ ಸಂಗತಿ: ಇರುವ ಜೋಡಣೆಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ನಾಲ್ಕು ಜೋಡಣೆಗಳಿಂದ ಆರಂಭಿಸಿ, ಈಗಿರುವುದಕ್ಕಿಂತ ಒಳ್ಳೆಯ ಇನ್ನೊಂದು ಜೋಡಣೆ ಇದೆಯೇ ಎಂದು ಪ್ರತಿ ಸಲ ಕೇಳಿದರೆ ಸಾಕು. ಆ ಪ್ರಶ್ನೆಗೆ ಉತ್ತರ ಹೇಳುವುದು ಬೆಲೆ.

ಪಟ್ಟಿಗೆ ಬೆಲೆ ಕಟ್ಟುವುದು

ಮತ್ತೆ ನಮ್ಮ ಎರಡು ಪೆಟ್ಟಿಗೆಗಳಿಗೆ ಬರೋಣ. ರೂಪಾಯಿ ಬೇಡ. ಪನ್ನದ ಸೆಂಟಿಮೀಟರನ್ನೇ ನಾಣ್ಯ ಮಾಡಿಕೊಳ್ಳೋಣ. ಇಡೀ ಪನ್ನದ ಬೆಲೆ 180.

ಮೊದಲ ಯೋಜನೆ ಪೆದ್ದು ಯೋಜನೆ, ಪ್ರತಿ ಪೆಟ್ಟಿಗೆ ಒಂಟಿಯಾಗಿ. ಇದರಲ್ಲಿ ಮೂರು ರಸದ ಪಟ್ಟಿ ಸೇರಿ 180 ತಿನ್ನುತ್ತವೆ, ಅಂದರೆ ಒಂದರ ಬೆಲೆ 60. ಎರಡು ಅಂಗಿ ಪಟ್ಟಿ ಸೇರಿ 180, ಒಂದರ ಬೆಲೆ 90. ಇದು ನಾವು ಹೊರಗಿನಿಂದ ಹೇರಿದ ಬೆಲೆಯಲ್ಲ, ಯೋಜನೆಯ ಒಳಗಿನಿಂದ ಹುಟ್ಟಿದ್ದು. ಅದಕ್ಕೇ ಇದನ್ನು ಒಳಬೆಲೆ ಎನ್ನೋಣ. ಪುಸ್ತಕಗಳಲ್ಲಿ ಶ್ಯಾಡೋ ಪ್ರೈಸ್ ಎಂಬ ಹೆಸರಿದೆ.

ಈಗ ಪ್ರಶ್ನೆ: 180 ಸೆಂ.ಮೀ.ಯೊಳಗೆ ಹಿಡಿಸುವ, ಆದರೆ ಒಳಬೆಲೆ ಕೂಡಿದರೆ 180 ಮೀರುವ ಜೋಡಣೆ ಉಂಟೇ? ಒಂದು ರಸ, ಎರಡು ಅಂಗಿ: 60, 90, 90. ಕೂಡಿದರೆ 240! ಅಗಲ ಮಾತ್ರ 177. 180 ಕೊಟ್ಟು 240ರ ಮಾಲು ಸಿಗುತ್ತಿದೆ, ಹಾಗಾದರೆ ಬಿಡಬಾರದು. ಯೋಜನೆಗೆ ಸೇರಿಸಿಕೊಳ್ಳಿ.

ಸೇರಿಸಿದ ಕೂಡಲೇ ಬೆಲೆಗಳು ಬದಲಾಗುತ್ತವೆ. ಈಗ ಯೋಜನೆಯಲ್ಲಿರುವುದು ಎರಡು ಜೋಡಣೆ: ಮೂರು ರಸ, ಮತ್ತು ಒಂದು ರಸ ಎರಡು ಅಂಗಿ. ಎರಡೂ 180ಕ್ಕೆ ಸಮನಾಗಬೇಕು. ಮೊದಲನೆಯದರಿಂದ ರಸದ ಪಟ್ಟಿಗೆ 60. ಎರಡನೆಯದರಲ್ಲಿ ಆ 60 ಕಳೆದರೆ ಉಳಿಯುವುದು 120, ಅಂಗಿ ಪಟ್ಟಿ ಒಂದಕ್ಕೆ 60. ಮತ್ತೆ ಅದೇ ಪ್ರಶ್ನೆ: ಈ ಬೆಲೆಯಲ್ಲಿ 180 ಮೀರುವ ಜೋಡಣೆ ಉಂಟೇ? ಎರಡು ರಸ ಒಂದು ಅಂಗಿ ಸೇರಿಸಿದರೆ ಸರಿಯಾಗಿ 180. ನಾಲ್ಕು ಪಟ್ಟಿ ಹಿಡಿಸುವುದಿಲ್ಲ. ಮೀರುವುದು ಯಾವುದೂ ಇಲ್ಲ. ಅಲ್ಲಿಗೆ ಲೆಕ್ಕ ಮುಗಿಯಿತು: ಈ ಎರಡು ಆರ್ಡರಿಗೆ, ಈ ಸುರುಳಿಯಲ್ಲಿ, 2,700 ಮೀಟರಿಗಿಂತ ಕಡಿಮೆಯಲ್ಲಿ ಯಾರೂ ಮಾಡಲಾರರು. ಎಲ್ಲ ಜೋಡಣೆಗಳನ್ನೂ ಪಟ್ಟಿ ಮಾಡದೆಯೇ ಇದು ಖಚಿತವಾಯಿತು ಎಂಬುದು ನನಗೆ ಎಷ್ಟು ಸಲ ಬಿಡಿಸಿದರೂ ಸೊಗಸಾಗಿಯೇ ಕಾಣುತ್ತದೆ.

ಬೆಲೆಗಳನ್ನು ಇನ್ನೊಮ್ಮೆ ನೋಡಿ. ಅಂಗಿ ಪಟ್ಟಿ 63 ಸೆಂ.ಮೀ. ಅಗಲ, ಬೆಲೆ ಬರೀ 60. ರಸದ ಪಟ್ಟಿ 51 ಅಗಲ, ಅದಕ್ಕೂ 60. ಒಂಟಿಯಾಗಿ ಓಡಿದಾಗ ಅಂಗಿ ಪೆಟ್ಟಿಗೆ 54 ಸೆಂ.ಮೀ. ಪೋಲು ಮಾಡುತ್ತಿತ್ತು, ಯಾರನ್ನು ಕೇಳಿದರೂ ತಪ್ಪು ಅದರದ್ದೇ ಎನ್ನುತ್ತಿದ್ದರು. ಒಳಬೆಲೆ ಹೇಳುವುದು ಬೇರೆ. ಇನ್ನೆರಡು ಅಂಗಿ ಪಟ್ಟಿ ಬಂದರೆ ಅವು ಒಂದು ರಸದ ಪಟ್ಟಿಯನ್ನು 27 ಸೆಂ.ಮೀ. ಪೋಲಾಗುವ ಓಟದಿಂದ ಎಳೆದು ತಮ್ಮ ಪಕ್ಕ ಕೂರಿಸಿಕೊಳ್ಳುತ್ತವೆ. ಹಾಗಾಗಿ ಅವುಗಳ ನಿಜವಾದ ಖರ್ಚು ಅವುಗಳ ಅಗಲಕ್ಕಿಂತಲೂ ಕಡಿಮೆ. ಜೋಡಿ ಸಿಗದೆ ಕೊನೆಗೆ ಒಂಟಿಯಾಗಿ ಉಳಿಯುವುದು ರಸದ ಪೆಟ್ಟಿಗೆ. ನಷ್ಟವನ್ನೆಲ್ಲ ಹೊರುತ್ತಿರುವುದೂ ಅದೇ.

ಹಾಗಾದರೆ ರಸದ ಪೆಟ್ಟಿಗೆಗೆ ಜೋಡಿ ಎಲ್ಲಿದೆ? 24 ಸೆಂ.ಮೀ. ಪಟ್ಟಿಯ ಒಂದು ಸಣ್ಣ ಪೆಟ್ಟಿಗೆ ಬಂದಿತೆನ್ನಿ, ಅಪ್ಪೆಮಿಡಿ ಉಪ್ಪಿನಕಾಯಿಯ ಶೀಶೆಗಳದ್ದು. ಒಂಟಿಯಾಗಿ ಅದು ಪನ್ನದಲ್ಲಿ ಏಳು ಕೂರುತ್ತದೆ, ಬೆಲೆ ಸುಮಾರು 26. ಮೂರು ರಸದ ಪಟ್ಟಿಯ ಪಕ್ಕ ಇದನ್ನು ಇಟ್ಟರೆ ಅಗಲ 177, ಒಳಬೆಲೆ ಕೂಡಿದರೆ 206. ತಂತ್ರಾಂಶ ಅದನ್ನು ತಕ್ಷಣ ಹಿಡಿದುಕೊಳ್ಳುತ್ತದೆ.

ಗಡುವು ಎಂಬ ಎದುರಾಳಿ

ಆದರೆ ಉಪ್ಪಿನಕಾಯಿಯವರು ಇನ್ನೂ ಫೋನೇ ಮಾಡಿಲ್ಲ. ನಾಡಿದ್ದು ಮಾಡಬಹುದು, ಮಾಡದೆಯೂ ಇರಬಹುದು. ಎಂಟು ದಿನದ ಗುಟ್ಟು ಇಲ್ಲಿದೆ. ಕಾರ್ಖಾನೆ ಎಂಟು ದಿನ ಕೇಳುವುದರಲ್ಲಿ ದೊಡ್ಡ ಪಾಲು ಇಂಥ ಜೊತೆಗಾರ ಸಿಗಲಿ ಎಂಬ ಅವಕಾಶ. ಹೆಚ್ಚು ದಿನ ಕಾದಷ್ಟೂ ಹೆಚ್ಚು ಆರ್ಡರು ಸೇರುತ್ತವೆ, ಪನ್ನ ಚೆನ್ನಾಗಿ ತುಂಬುತ್ತದೆ. ಹಬ್ಬದ ಬಟ್ಟೆಯನ್ನು ಟೈಲರ್ ಒಟ್ಟಿಗೆ ಕತ್ತರಿಸಲು ಸಾಧ್ಯವಾಗುವುದು ಎಲ್ಲರಿಗೂ ಹಬ್ಬ ಒಂದೇ ದಿನವಾದ್ದರಿಂದ. ಪೆಟ್ಟಿಗೆಯ ಗಿರಾಕಿಗಳಿಗೆ ಹಬ್ಬ ಬೇರೆ ಬೇರೆ ದಿನ.

ತಂತ್ರಾಂಶ ಇದಕ್ಕೂ ಬೆಲೆಯ ದಾರಿಯನ್ನೇ ಹಿಡಿಯುತ್ತದೆ. ತಡವಾದ ಪ್ರತಿ ದಿನಕ್ಕೆ ಒಂದು ದಂಡ ಕಟ್ಟುತ್ತದೆ, ಬೇಗ ಮಾಡಿಟ್ಟರೂ ಒಂದು ದಂಡ. ಆಮೇಲೆ ಅಂಚುನಷ್ಟ ಮತ್ತು ಈ ದಂಡಗಳನ್ನು ಕೂಡಿ ಒಟ್ಟು ಕಡಿಮೆಯಾಗುವ ಯೋಜನೆ ಹುಡುಕುತ್ತದೆ. ಗಡುವು ಹತ್ತಿರವಾದಂತೆ ದಂಡ ಏರುತ್ತ ಹೋಗಿ, ಒಂದು ದಿನ ಅದು 27 ಸೆಂ.ಮೀ. ನಷ್ಟವನ್ನು ಮೀರುತ್ತದೆ. ಆ ದಿನ ಪೆಟ್ಟಿಗೆ ಕಾಯುವುದನ್ನು ಬಿಟ್ಟು ಒಂಟಿಯಾಗಿಯೇ ಓಡುತ್ತದೆ. ಹೊಸ ಆರ್ಡರು ಬಂದಾಗ, ಯಂತ್ರ ಕೆಟ್ಟಾಗ, ಕಾಗದದ ಲಾರಿ ಬರದಿದ್ದಾಗ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಾಕುತ್ತಾರೆ.

ಬೇಗ ಮಾಡಿಟ್ಟರೆ ದಂಡ ಯಾಕೆ ಎಂದು ಬಯಲುಸೀಮೆಯವರು ಕೇಳಿಯಾರು, ಮಲೆನಾಡಿನವರು ಕೇಳಲಾರರು. ರಟ್ಟು ಗಾಳಿಯ ತೇವ ಹೀರುತ್ತದೆ. ಒಣ ಹವೆಯಲ್ಲಿ ಪೆಟ್ಟಿಗೆ ತಡೆಯುವ ಭಾರ ತುಂಬ ತೇವದ ಹವೆಯಲ್ಲಿ ಅರ್ಧಕ್ಕೂ ಇಳಿಯಬಹುದು. ಆಷಾಢದ ಮಳೆಯಲ್ಲಿ ಸೊರಬದ ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪೆಟ್ಟಿಗೆಗಳ ಕೆಳಸಾಲು ಕುಸಿಯುವುದಕ್ಕೆ ಕಾರಣ ಇದೇ. ಹಾಗಾಗಿ ಬೇಸಿಗೆಯಲ್ಲಿ ಕಟ್ಟುವ ದಂಡವನ್ನೇ ಮಳೆಗಾಲದಲ್ಲೂ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಎಲ್ಲೋ ಒಣ ಊರಿನಲ್ಲಿ ಬರೆದ ತಂತ್ರಾಂಶಕ್ಕೆ ಇದು ತಾನಾಗಿ ತಿಳಿಯುವುದಿಲ್ಲ. ಇಲ್ಲಿನ ಮಳೆ ಗೊತ್ತಿರುವವರು ಆ ಸಂಖ್ಯೆಯನ್ನು ಕೂತು ತಿದ್ದಬೇಕು.

ಲೆಕ್ಕವನ್ನು ಇದಕ್ಕಿಂತ ಹೆಚ್ಚು ಕೆಡಿಸುವುದು ಸುಳ್ಳು ಗಡುವು. ತಿಂಗಳ ಕೊನೆಗೆ ಬೇಕಾದ ಪೆಟ್ಟಿಗೆಯನ್ನು ‘ಅರ್ಜೆಂಟ್, ನಾಳೆಯೇ ಬೇಕು’ ಎಂದು ಕೇಳುವುದು ನಮ್ಮಲ್ಲಿ ಸಾಮಾನ್ಯ. ತಡವಾಗುತ್ತದೆ ಎಂಬ ಭಯದಿಂದ ಹಾಗೆ ಹೇಳುತ್ತಾರೆ, ನಿಜ. ಎಲ್ಲರೂ ಹಾಗೆ ಹೇಳಿದಾಗ ತಂತ್ರಾಂಶದ ಮುಂದಿರುವ ಎಲ್ಲ ದಂಡಗಳೂ ಒಂದೇ ಆಗಿಬಿಡುತ್ತವೆ. ಯಾರನ್ನು ಕಾಯಿಸಬಹುದು, ಯಾರನ್ನು ಕಾಯಿಸಬಾರದು ಎಂದು ತಿಳಿಯದೆ ಅದು ಬಂದದ್ದನ್ನು ಬಂದಂತೆ ಓಡಿಸುತ್ತದೆ. ಅಂಚಿನಲ್ಲಿ ಕಾಗದ ಹೋಗುತ್ತದೆ, ನಿಜಕ್ಕೂ ಅವಸರವಿದ್ದವರ ಮಾಲು ಹಿಂದೆ ಬೀಳುತ್ತದೆ. ಎಷ್ಟೇ ದುಬಾರಿಯ ತಂತ್ರಾಂಶಕ್ಕೂ ಇದಕ್ಕೆ ಮದ್ದು ಗೊತ್ತಿಲ್ಲ.

ಸಣ್ಣ ಘಟಕಕ್ಕೆ ಇದರಿಂದೇನು

ನಮ್ಮ ಸಣ್ಣ ಪಟ್ಟಣಗಳ ಪೆಟ್ಟಿಗೆ ಘಟಕಗಳಲ್ಲಿ ಮೇಲೆ ಹೇಳಿದಂಥ ಉದ್ದನೆಯ ಯಂತ್ರ ಇರುವುದಿಲ್ಲ. ಒಂದು ಹಾಳೆಗೆ ಅಲೆ ಅಂಟಿಸುವ ಚಿಕ್ಕ ಯಂತ್ರ, ಆಮೇಲೆ ಕೈಯಿಂದ ಪೇಸ್ಟಿಂಗ್, ಒತ್ತುವ ಪ್ರೆಸ್ಸು, ತಂತಿ ಪಿನ್ನು ಹೊಡೆಯುವ ಸ್ಟಿಚಿಂಗ್ ಮೆಷಿನ್ನು. ಆದರೂ ಅವರ ಸುರುಳಿಗೂ ಪನ್ನ ಇದೆ, ಅಂಚೂ ಹೋಗುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂತ್ರಾಂಶ ಕೊಳ್ಳುವುದು ಅವರಿಗೆ ಆಗದ ಮಾತು, ಬೇಕಾಗಿಯೂ ಇಲ್ಲ. ಹತ್ತು ಆರ್ಡರಿನ ಲೆಕ್ಕವನ್ನು ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನ ಸಾಲ್ವರ್ ಎಂಬ ಸಾಧನವೇ ಮಾಡಿಕೊಡುತ್ತದೆ. ಇನ್ನೂ ದೊಡ್ಡದಕ್ಕೆ ಜಿಎಲ್‌ಪಿಕೆಯಂಥ ಉಚಿತ ತಂತ್ರಾಂಶಗಳಿವೆ. ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದಕ್ಕಿಂತ ಉಪಯೋಗದ್ದು ಸುಲಭಕ್ಕೆ ಸಿಗಲಾರದು: ಹತ್ತಿರದ ಒಂದು ಘಟಕಕ್ಕೆ ಹೋಗಿ, ಅವರ ಒಂದು ತಿಂಗಳ ಆರ್ಡರ್ ಪುಸ್ತಕ ಕೇಳಿ ಪಡೆದು, ಕನ್ನಡದಲ್ಲೇ ಓದಿ ತುಂಬುವಂಥ ಒಂದು ಪುಟ ಮಾಡಿಕೊಡಿ.

ಪೆಟ್ಟಿಗೆ ಕೊಳ್ಳುವವರ ಕೈಯಲ್ಲೂ ಕೆಲವು ಸಂಗತಿಗಳಿವೆ. ಅಂಗಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ನಾಲ್ಕು ಸೆಂ.ಮೀ. ಖಾಲಿ ಉಳಿಯುತ್ತಿದ್ದರೆ ಎತ್ತರವನ್ನು 30ರಿಂದ 26ಕ್ಕೆ ಇಳಿಸಿ ನೋಡಿ. ಪಟ್ಟಿ 59 ಸೆಂ.ಮೀ. ಆಯಿತು, ಪನ್ನದಲ್ಲಿ ಎರಡರ ಬದಲು ಮೂರು ಕೂತವು, 2,250 ಮೀಟರ್ ಓಡಬೇಕಾದದ್ದು 1,500ಕ್ಕೆ ಬಂತು. ಇದಕ್ಕೆ ಯಾವ ಜೊತೆಗಾರನೂ ಬೇಕಿಲ್ಲ, ಕಾಯುವುದೂ ಬೇಕಿಲ್ಲ. ಅನಾನಸ್ ರಸ, ಜಾಮ್, ಉಪ್ಪಿನಕಾಯಿ ಮಾಡುವ ಸೊರಬ, ಸಾಗರ, ಶಿಕಾರಿಪುರದ ಸಣ್ಣ ಘಟಕಗಳು, ಸ್ವಸಹಾಯ ಸಂಘಗಳು ಒಂದೇ ಬಗೆಯ ಕಾಗದ ಒಪ್ಪಿಕೊಂಡು, ಒಂದೇ ವಾರದಲ್ಲಿ, ಒಂದೇ ಕಡೆ ಆರ್ಡರು ಕೊಟ್ಟರೆ ಜೋಡಿ ಹುಡುಕುವ ಕೆಲಸದ ಅರ್ಧ ಅಲ್ಲೇ ಮುಗಿಯುತ್ತದೆ. ಆಗ ದರದಲ್ಲಿ ಸ್ವಲ್ಪ ಇಳಿಸಿ ಎಂದು ಕೇಳುವ ಹಕ್ಕೂ ಅವರಿಗೆ ಬರುತ್ತದೆ, ಏಕೆಂದರೆ ಉಳಿಸಿದ ಕಾಗದದಲ್ಲಿ ಅವರ ಪಾಲಿದೆ.

ಆದ್ದರಿಂದ ಪೆಟ್ಟಿಗೆಗೆ ಆರ್ಡರು ಕೊಡುವ ಮೊದಲು ನಿಮ್ಮ ಮಾಲನ್ನು ಒಮ್ಮೆ ಪೆಟ್ಟಿಗೆಯೊಳಗೆ ಇಟ್ಟು ಖಾಲಿ ಜಾಗ ಅಳೆಯಿರಿ. ಅಳತೆ ಕೊಡುವಾಗ ‘ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ನಿಮ್ಮ ಸುರುಳಿಗೆ ಹೊಂದುತ್ತದೆಯೇ’ ಎಂದು ನೀವಾಗಿಯೇ ಕೇಳಿ. ಯಾವ ದಿನಕ್ಕೆ ಬೇಕು ಎಂದು ಅವರು ಕೇಳಿದಾಗ ನಿಜವಾಗಿ ಬೇಕಾದ ದಿನವನ್ನೇ ಹೇಳಿ.